ಎಲ್ಲರೂ ಹೊರಗೆ ಬನ್ನಿ, ಪ್ಲೀಸ್

ದಾದರಿನ ನಮ್ಮ ಆಫೀಸಿನ ಲೆಕ್ಕವೆಲ್ಲ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನ ಒಂದೇ ಫೈಲಿನಲ್ಲಿದೆ. 2 ಜಿಬಿ ದಾಟುವಂತಿಲ್ಲ, ಆಗಾಗ ಕಾಂಪ್ಯಾಕ್ಟ್ ಮಾಡಬೇಕು, ಅಂದರೆ ಒಳಗಿನ ಖಾಲಿ ಜಾಗ ತೆಗೆದು ಚಿಕ್ಕದು ಮಾಡಬೇಕು. ಆದರೆ ಒಬ್ಬರು ಒಳಗಿದ್ದರೂ ಅದು ಆಗಲ್ಲ. ಅಕೌಂಟ್ಸಿನ ಕಾರ್ಕಳದ ಅಣ್ಣ ಫಾರ್ಮ್ (ಎಂಟ್ರಿ ಹಾಕುವ ಪರದೆ) ತೆರೆದಿಟ್ಟೇ ಲೋಕಲ್ ಹಿಡಿಯುತ್ತಾರೆ. ಫೋನ್ ಮಾಡಿದರೆ, "ಕುರ್ಲಾ ದಾಟಿತು ಮಾರಾಯಾ!"

ಯಾರು ಒಳಗಿದ್ದಾರೆಂದು ಆಕ್ಸೆಸ್ ಬರೆದಿಡುವ ಲಾಕ್ ಫೈಲ್ ನೋಡಿದರೆ ಕಂಪ್ಯೂಟರ್ ಹೆಸರು ಸಿಗುತ್ತದೆ. ಆದರೆ ಹೊರಗೆ ಹೋದವರ ಹೆಸರೂ ಅಲ್ಲಿ ಉಳಿದಿರುತ್ತದೆ, ಪೂರ್ತಿ ನಂಬುವಂತಿಲ್ಲ. ಸರ್ವರ್‌ನಿಂದ ಸುಮ್ನೆ ಕನೆಕ್ಷನ್ ಕತ್ತರಿಸಿದರೆ ಫೈಲೇ ಕೆಡಬಹುದು. ಯಾರೋ ಅರ್ಧ ಬರೆದ ಎಂಟ್ರಿ ಅಲ್ಲಿರುತ್ತೆ, ಅಲ್ವಾ?

ಅದಕ್ಕೆ ಈಗ ಒಂದು ಅಡಗಿದ ಫಾರ್ಮ್ ಇಟ್ಟಿದ್ದೇನೆ. ಅದರ ಟೈಮರ್ ಆಗಾಗ ಒಂದು ಟೇಬಲ್ ನೋಡುತ್ತದೆ. ನಾನು ಅಲ್ಲಿ ಗುರುತು ಹಾಕಿದರೆ ಮೊದಲು ಎಚ್ಚರಿಕೆ, ಐದು ನಿಮಿಷದ ನಂತರ ಆಕ್ಸೆಸ್ ತಾನೇ ಮುಚ್ಚುತ್ತದೆ. ಅಣ್ಣ ಈಗಾಗಲೇ ಚೌಕಾಸಿ ಶುರುಮಾಡಿದ್ದಾರೆ: "ಹತ್ತು ನಿಮಿಷ ಮಾಡೋ."