ಹಾವಲ್ಲಬೇ, ಮೊಳಿ

ಹೋದ ರವಿವಾರದಿಂದ ಅವ್ವನ ಒಂದು ಮಾತು ತಲೆಯಿಂದ ಇಳೀತಾನೇ ಇಲ್ಲ. ಬಾಂದ್ರಾದಲ್ಲಿ ಮೌಂಟ್ ಮೇರಿ ಜಾತ್ರೆ, ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟಿದಹಬ್ಬ ಆದ್ಮೇಲೆ ಒಂದು ವಾರ ನಡೆಯುತ್ತಲ್ಲ ಅದು, ನಮ್ಮ ಬಿಲ್ಡಿಂಗಿನ ಮಂಗಳೂರು ಬಾಯಿ "ಮೊಣಕಾಲು ನೋವಿಗೆ ಮೇಣದ ಕಾಲು ಕೊಟ್ಟು ಬನ್ನಿ ಅಮ್ಮ" ಅಂದಿದ್ದೇ ತಡ ಅವ್ವ ಹೊರಟೇಬಿಟ್ಳು. ಎಲ್ಲಮ್ಮನ ಗುಡ್ಡಕ್ಕೆ ಬೆಳ್ಳಿ ಕಣ್ಣು ಕೊಟ್ಟಾಕಿ, ಮೇಣದ ಕಾಲು ಏನೂ ವಿಚಿತ್ರ ಅನ್ನಿಸಲಿಲ್ಲ, ರೇಟ್ ಮಾತ್ರ ಜಾಸ್ತಿ ಅನ್ನಿಸ್ತು.

ವಾಪಸ್ ಬರುವಾಗ ಫುಟ್‌ಪಾತ್ ಮೇಲೆ ಒಬ್ಬ ಬಣ್ಣದ ಚಾಕ್‌ಪೀಸಲ್ಲಿ ದೊಡ್ಡ ಚಿತ್ರ ಬಿಡಿಸಿದ್ದ. ಶಿಲುಬೆಯಿಂದ ಇಳಿಸಿದ ಯೇಸು ತಾಯಿ ಮಡಿಲಲ್ಲಿ. ಆದ್ರೆ ಪುಣ್ಯಾತ್ಮ ಮರಿಯಮ್ಮನಿಗೆ ನೀಲಿ ಸೀರೆ ಉಡಿಸಿ ತಲೆ ತುಂಬ ಸೆರಗು ಹೊದಿಸಿಬಿಟ್ಟಿದ್ದ, ಶಿಲುಬೆ ಇಲ್ಲ, ಮುಳ್ಳಿನ ಕಿರೀಟ ಇಲ್ಲ.

"ಪಾಪ, ಚಂದ್ರಮತಿ" ಅಂದ್ಲು ಅವ್ವ. "ಕಾಲ ನೋಡಲ್ಲಿ, ಹಾವು ಕಡದದ್ದು ಎಷ್ಟು ಕೆಂಪಗ ಆಗೇತಿ."

"ಗಡ್ಡ ಐತಲ್ಲಬೇ, ಲೋಹಿತಾಶ್ವಗ ಎಲ್ಲೀ ಗಡ್ಡ?"

"ತೊಡಿ ಮ್ಯಾಲ ಹಾಕ್ಕೊಂಡಾಕಿ ಗಡ್ಡ ನೋಡ್ತಾಳೇನೊ."

ನಾನು ಕಾನ್ವೆಂಟಲ್ಲಿ ಕಲಿತವನು ನೋಡಿ, ಸುಮ್ಮನಿರಬೇಕಲ್ಲ. "ಹಾವಲ್ಲಬೇ, ಮೊಳಿ. ಅಂವ ಯೇಸು. ಮೊಳಿ ಹೊಡದು ಕೊಂದ್ರು."

"ಮೊಳೀನಾ?" ಅಂತ ಸುಮ್ಮನಾದ್ಲು. ಆಮೇಲೆ, "ಹಡದಾಕಿ ಎದುರಿಗೇನಾ?"

ಹೂಂ ಅಂದೆ. ಯೋಹಾನನ ಸುವಾರ್ತೆಯಲ್ಲಿ ತಾಯಿ ಶಿಲುಬೆ ಹತ್ರಾನೇ ನಿಂತಿದ್ಲು ಅಂತಿದೆ, ಸ್ಕೂಲಲ್ಲಿ ಅದನ್ನ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ, ಆದ್ರೆ ನಿಂತಾಕಿ ನೋಡ್ತಾನೂ ಇದ್ಲು ಅಂತ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಹಡದಾಕಿ ಎದುರಿಗೇನಾ. ಲೋಕಲ್ಲಲ್ಲಿ ನೇತಾಡ್ತಾ ಆಫೀಸಿಗೆ ಹೋಗುವಾಗಲೂ ಇದೇ.

ಹೆಂಡತಿಗೆ ಹಿಲ್ ರೋಡಿನ ಕುರ್ತಿ ಅವಸರ, ಪಕ್ಕದಲ್ಲೊಬ್ಬ ಮಹಾಶಯ ಚಿತ್ರದ ಅಂಚು ತುಳ್ಕೊಂಡೇ ಸೆಲ್ಫಿ ತೆಗೀತಿದ್ದ. ಅವ್ವ ಮಾತ್ರ ಕದಲಲಿಲ್ಲ. "ಸುಡಾಕ ರೊಕ್ಕ ಕೇಳಿದ್ರೇನು?" ಹರಿಶ್ಚಂದ್ರ ಸ್ವಂತ ಮಗನ ಹೆಣಕ್ಕೇ ಸುಂಕ ಕೇಳಿದ್ದನ್ನ ಊರ ನಾಟಕದಲ್ಲಿ ಅದೆಷ್ಟು ಸಲ ನೋಡಿ ಅತ್ತಾಳೋ. ಇಲ್ಲಬೇ, ಅರಿಮಥಾಯದ ಯೋಸೇಫ ಅಂತ ಒಬ್ಬ ತನಗಂತ ಮಾಡಿಸಿಟ್ಟ ಸಮಾಧೀನೇ ಬಿಟ್ಟುಕೊಟ್ಟ ಅಂದೆ. "ಅಷ್ಟರ ಮಟ್ಟಿಗೆ ಮನಷ್ಯಾರು ಇದ್ರಲ್ಲ" ಅಂತ ಹತ್ತು ರೂಪಾಯಿ ಹಾಕಿ ಹೊರಟ್ಳು.

ರಾತ್ರಿ ಸುಮ್ನೆ ಬೈಬಲ್ ತೆಗೆದು ನೋಡಿದೆ. ನಾಲ್ಕು ಸುವಾರ್ತೆಯಲ್ಲೂ ತಾಯಿ ಮಡಿಲಿನ ಮಾತೇ ಇಲ್ಲ! ದೇಹ ಇಳಿಸಿದ್ರು, ಬಟ್ಟೆ ಸುತ್ತಿದ್ರು, ಸಮಾಧಿಲಿಟ್ರು, ಅಷ್ಟೇ. ಮಡಿಲಿಗೆ ಹಾಕಿದ್ದು ಆಮೇಲಿನ ಕಲಾವಿದರು, ಮೈಕೆಲ್ಯಾಂಜೆಲೊ 1499ರ ಹೊತ್ತಿಗೆ ಅಮೃತಶಿಲೆಯಲ್ಲಿ ಕೆತ್ತಿದ್ದು ಅದನ್ನೇ. ಗ್ರಂಥದಲ್ಲೇ ಇಲ್ಲದ ಮಡಿಲು ಇಟ್ಕೊಂಡು ನಾನು ಅವ್ವನಿಗೆ ಪಾಠ ಹೇಳಿದ್ದೆ.

ಒಳಗಿನ ರೂಮಿಂದ ಅಕ್ಕನ ಜೊತೆ ಫೋನು ಕೇಳಿಸ್ತಿತ್ತು. "ಹಾವಲ್ಲಂತವಾ, ಮೊಳಿ ಅಂತ, ಇಂವ ಹೇಳ್ತಾನ." ಆಮೇಲೆ ಜೋರಾಗಿ, "ಏ, ಕಡೀಕ ಆ ಹುಡುಗ ಎದ್ದನಿಲ್ಲೊ?"

"ಮೂರನೇ ದಿನ" ಅಂದೆ.

"ಎದ್ದನಂತ" ಅಂದ್ಲು ಫೋನಲ್ಲಿ.