ಭೂಕಂಪಕ್ಕೆ ಯಾವ ಇಳಿಜಾರು ಜಾರುತ್ತದೆ? ನ್ಯೂಮಾರ್ಕ್ ನಕ್ಷೆಯ ಕೆಲಸ ಎಲ್ಲಿಗೆ ಬಂತು

ಒಂದು ಕಣಿವೆಯ ಎತ್ತರದ ದತ್ತಾಂಶ, ಅಲ್ಲಿನ ಬಂಡೆ-ಮಣ್ಣಿನ ಗಟ್ಟಿತನ, ನೆಲ ಅಲುಗಿದ ಪ್ರಮಾಣ. ಇಷ್ಟನ್ನೇ ಇಟ್ಟುಕೊಂಡು ಯಾವ ಇಳಿಜಾರು ಜಾರುತ್ತದೆ ಎಂದು 30 ಮೀಟರ್ ಚೌಕಗಳ ಮಟ್ಟದಲ್ಲಿ ಲೆಕ್ಕ ಹಾಕಬೇಕು, ಆಮೇಲೆ ಅದನ್ನು ನಿಜವಾಗಿ ಜಾರಿದ ಜಾಗಗಳ ಪಕ್ಕದಲ್ಲಿಟ್ಟು ನೋಡಬೇಕು. ಯೋಜನೆಯ ಗುರಿ ಇದು. ಪರೀಕ್ಷೆಗೆ ತೆಗೆದುಕೊಂಡಿರುವುದು ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಆದ 7.8 ತೀವ್ರತೆಯ ಗೋರ್ಖಾ ಭೂಕಂಪ. ಅದರಿಂದಾದ ಸುಮಾರು 25,000 ಕುಸಿತಗಳನ್ನು ಉಪಗ್ರಹ ಚಿತ್ರಗಳಲ್ಲಿ ಒಂದೊಂದಾಗಿ ಗುರುತಿಸಿದ ಗಡಿರೇಖೆಗಳು ಯಾರಿಗೆ ಬೇಕಾದರೂ ಸಿಗುತ್ತವೆ.

ಕೇಂದ್ರಬಿಂದುವಿನ ಸುತ್ತ ವೃತ್ತ ಎಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅಮೆರಿಕದ ಭೂವಿಜ್ಞಾನಿ ಡೇವಿಡ್ ಕೀಫರ್ 1984ರಲ್ಲಿ 40 ಐತಿಹಾಸಿಕ ಭೂಕಂಪಗಳನ್ನು ಹೋಲಿಸಿ ತೋರಿಸಿದಂತೆ, ತೀವ್ರತೆ 4 ಇದ್ದರೇ ಸಡಿಲ ಬಂಡೆಗಳು ಉರುಳಬಲ್ಲವು. ಕುಸಿತಗಳು ಹರಡುವ ವಿಸ್ತೀರ್ಣ ಅಲ್ಲಿ ಹೆಚ್ಚುಕಡಿಮೆ ಸೊನ್ನೆ, 9.2 ತೀವ್ರತೆಗೆ ಅದು 5 ಲಕ್ಷ ಚದರ ಕಿಲೋಮೀಟರ್‌ವರೆಗೆ ಹೋಗುತ್ತದೆ. ಇದರಿಂದ ಹೊರಗಿನ ಎಲ್ಲೆ ಗೊತ್ತಾಗುತ್ತದೆ. ಎಲ್ಲೆಯ ಒಳಗೆ ಒಂದು ಗುಡ್ಡ ಬಿದ್ದು ಪಕ್ಕದ್ದು ನಿಂತದ್ದು ಯಾಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಗೋರ್ಖಾದಲ್ಲಂತೂ ಬಿರುಕು ಕೇಂದ್ರಬಿಂದುವಿನಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ಓಡಿತು, ಕುಸಿತಗಳೂ ಆ ದಿಕ್ಕಿಗೇ ಸಾಲುಗಟ್ಟಿದವು. ಕೇಂದ್ರದ ಪಶ್ಚಿಮಕ್ಕೆ ಅಷ್ಟೇ ದೂರದಲ್ಲಿರುವ ಕಡಿದಾದ ಬೆಟ್ಟಗಳಿಗೆ ಆದ ಹಾನಿ ತೀರಾ ಕಡಿಮೆ.

ಮೇಜಿನ ಮಾದರಿ: ಮುಗಿದಿದೆ

ಅಮೆರಿಕದ ಎಂಜಿನಿಯರ್ ನೇಥನ್ ನ್ಯೂಮಾರ್ಕ್ 1965ರಲ್ಲಿ ಮಂಡಿಸಿದ ವಿಚಾರ ಸರಳ. ಜಾರುವ ಮಣ್ಣಿನ ರಾಶಿಯನ್ನು ಇಳಿಜಾರು ಹಲಗೆಯ ಮೇಲಿನ ಗಟ್ಟಿ ದಿಮ್ಮಿ ಎಂದುಕೊಳ್ಳಿ. ಹಲಗೆಯ ವೇಗೋತ್ಕರ್ಷ ಒಂದು ಮಿತಿಯನ್ನು ದಾಟಿದಾಗ ದಿಮ್ಮಿ ಜಾರಲು ತೊಡಗುತ್ತದೆ, ಎರಡರ ವೇಗ ಮತ್ತೆ ಒಂದಾಗುವವರೆಗೆ ಜಾರುತ್ತದೆ. ಆ ಮಿತಿಗೆ ಇಲ್ಲಿ ಜಾರುಮಿತಿ ಎನ್ನೋಣ. ಸುರಕ್ಷತಾ ಗುಣಾಂಕದಿಂದ (ತಡೆದಿಡುವ ಬಲವನ್ನು ಕೆಳಗೆಳೆಯುವ ಬಲದಿಂದ ಭಾಗಿಸಿದ ಸಂಖ್ಯೆ) 1 ಕಳೆದು, ಇಳಿಜಾರಿನ ಕೋನದ ಸೈನ್‌ನಿಂದ ಗುಣಿಸಿದರೆ ಜಾರುಮಿತಿ ಗುರುತ್ವದ (ಜಿ) ಲೆಕ್ಕದಲ್ಲಿ ಬರುತ್ತದೆ.

60×30 ಸೆಂ.ಮೀ. ಪ್ಲೈವುಡ್ ಹಲಗೆಯನ್ನು ಎರಡು ಡ್ರಾಯರ್ ಚಾನೆಲ್‌ಗಳ ಮೇಲೆ ಕೂರಿಸಿ, ಇಡೀ ಚೌಕಟ್ಟನ್ನು 25 ಡಿಗ್ರಿಗೆ ಓರೆ ಮಾಡಲಾಗಿದೆ. ಹಲಗೆ ಓಡಾಡುವುದು ಇಳಿಜಾರಿನ ದಿಕ್ಕಿನಲ್ಲೇ. 12 ವೋಲ್ಟ್ ಗೇರ್ ಮೋಟರ್‌ನ ಚಕ್ರದ ಮೇಲೆ ಮಧ್ಯದಿಂದ 8 ಮಿ.ಮೀ. ಆಚೆಗೆ ಪಿನ್ ಇದೆ, ಅಲ್ಲಿಂದ ಹಲಗೆಗೆ 120 ಮಿ.ಮೀ. ಉದ್ದದ ಕಡ್ಡಿ. ಕಡ್ಡಿ ಗಿಡ್ಡವಾದರೆ ಒಂದು ಕಡೆಯ ಎಳೆತ ಇನ್ನೊಂದು ಕಡೆಯದಕ್ಕಿಂತ ಜೋರಾಗಿ ಲೆಕ್ಕ ಕೆಡುತ್ತದೆ. ಪಿನ್ ದೂರದ 15 ಪಟ್ಟು ಉದ್ದವಿದ್ದರೆ ಚಲನೆ ಸೈನ್ ಅಲೆಗೆ ಸಾಕಷ್ಟು ಹತ್ತಿರ ಬರುತ್ತದೆ. ಹಲಗೆಗೂ ದಿಮ್ಮಿಯ ತಳಕ್ಕೂ ಮರಳು ಕಾಗದ ಅಂಟಿಸಿದೆ. ಘರ್ಷಣೆ ಕೋನ 34 ಡಿಗ್ರಿ ಸಿಗುವ ಜೋಡಿ ಅದು.

ಈಗ ಲೆಕ್ಕ. 34ರ ಟ್ಯಾಂಜೆಂಟನ್ನು 25ರ ಟ್ಯಾಂಜೆಂಟ್‌ನಿಂದ ಭಾಗಿಸಿದರೆ ಸುರಕ್ಷತಾ ಗುಣಾಂಕ 1.45, ಜಾರುಮಿತಿ 0.19 ಜಿ. ಸೆಕೆಂಡಿಗೆ 2 ಸುತ್ತು ತಿರುಗಿಸಿದರೆ ಹಲಗೆಯ ಗರಿಷ್ಠ ವೇಗೋತ್ಕರ್ಷ 0.13 ಜಿ, ದಿಮ್ಮಿ ಹಲಗೆಗೆ ಅಂಟಿಕೊಂಡೇ ಓಡಾಡುತ್ತದೆ. 3 ಸುತ್ತಿಗೆ ಅದು 0.29 ಜಿ, ಪ್ರತಿ ಸುತ್ತಿಗೂ ದಿಮ್ಮಿ ಒಂದಿಷ್ಟು ಕೆಳಗಿಳಿಯುತ್ತದೆ. ಜಾರಲು ಶುರುವಾಗುವುದು 2.4ರ ಹತ್ತಿರ. ಕಣ್ಣಿಟ್ಟು ನೋಡಬೇಕಾದ್ದು ಇನ್ನೊಂದಿದೆ: ದಿಮ್ಮಿ ಹಿಂದಕ್ಕೆ, ಅಂದರೆ ಮೇಲಕ್ಕೆ, ಎಂದೂ ಜಾರುವುದಿಲ್ಲ. ಮೇಲಕ್ಕೆ ಜಾರಲು 1.03 ಜಿ ಬೇಕು. ಹಾಗಾಗಿ ಅಲುಗಾಟ ಎರಡೂ ಕಡೆಗಿದ್ದರೂ ಜಾರಿಕೆ ಒಂದೇ ಕಡೆಗೆ ಕೂಡುತ್ತಾ ಹೋಗುತ್ತದೆ. ಹತ್ತು ಸೆಕೆಂಡಿನ ಅಲುಗಾಟವನ್ನು ತಡೆದುಕೊಂಡ ಗುಡ್ಡ ಒಂದು ನಿಮಿಷದ ಅಲುಗಾಟಕ್ಕೆ ಬಿದ್ದುಹೋಗಲು ಇದೇ ಕಾರಣ.

ಕೈಕೊಡುವ ಜಾಗ ಎರಡು. ಮರಳು ಕಾಗದ ಸವೆದು ಪುಡಿ ತುಂಬಿಕೊಂಡಂತೆ ಘರ್ಷಣೆ ಕೋನ ಇಳಿಯುತ್ತದೆ. ಪ್ರತಿ ಓಟಕ್ಕೂ ಮುಂಚೆ ಬ್ರಷ್‌ನಿಂದ ಒರೆಸಿ, ಹಲಗೆಯನ್ನು ಮೆಲ್ಲಗೆ ಎತ್ತಿ, ದಿಮ್ಮಿ ತಾನಾಗಿ ಜಾರುವ ಕೋನವನ್ನು ಹೊಸದಾಗಿ ಅಳೆಯಬೇಕು. ಚಾನೆಲ್‌ನ ಗುಂಡುಗಳ ನಡುವಿನ ಸಡಿಲದಿಂದ ಹಲಗೆ ಕಟಕಟ ಎನ್ನುತ್ತದೆ, ಹಲಗೆಗೆ ಅಂಟಿಸಿದ ಮೊಬೈಲ್‌ನ ಸಂವೇದಕ ಆ ಬಡಿತಗಳನ್ನೇ ಗರಿಷ್ಠ ಎಂದು ತೋರಿಸುತ್ತದೆ. ಚಾನೆಲ್‌ಗೆ ಗ್ರೀಸ್ ಹಾಕಿ, ದಾಖಲೆಯಲ್ಲಿ 10 ಹರ್ಟ್ಸ್‌ಗಿಂತ ಮೇಲಿನದನ್ನು ಸೋಸಿದ ಮೇಲೆ ಅಂಕಿ ನಂಬಬಹುದು.

ನಕ್ಷೆ: ಎರಡನೇ ಆವೃತ್ತಿ ತಯಾರಿದೆ

ಕೆಲಸ ನಡೆಯುತ್ತಿರುವುದು ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯುಜಿಐಎಸ್‌ನಲ್ಲಿ. ಎತ್ತರಕ್ಕೆ 30 ಮೀಟರ್‌ನ ಕೋಪರ್ನಿಕಸ್ ದತ್ತಾಂಶ. ಅದು ಅಕ್ಷಾಂಶ-ರೇಖಾಂಶದಲ್ಲಿ ಬರುತ್ತದೆ. ಹಾಗೆಯೇ ಇಳಿಜಾರು ಲೆಕ್ಕ ಹಾಕಿಸಿದರೆ ಅಡ್ಡಲಾಗಿ ಡಿಗ್ರಿ, ಎತ್ತರಕ್ಕೆ ಮೀಟರ್ ಆಗಿ ನಕ್ಷೆಯೆಲ್ಲ 90 ಡಿಗ್ರಿಯ ಗೋಡೆಯಾಗುತ್ತದೆ. ಮೊದಲು ಮೀಟರ್ ಲೆಕ್ಕದ ಯುಟಿಎಂ 45 ಉತ್ತರ ವಲಯಕ್ಕೆ (ಇಪಿಎಸ್‌ಜಿ 32645) ಬದಲಿಸಿಕೊಳ್ಳಿ. ಬದಲಿಸುವಾಗ ‘ಹತ್ತಿರದ ನೆರೆ’ ಆಯ್ಕೆ ಬೇಡ. ಅದು ಇಳಿಜಾರಿನ ಪದರದಲ್ಲಿ ಪಟ್ಟೆಪಟ್ಟೆ ಬಿಡುತ್ತದೆ. ಬೈಲೀನಿಯರ್ ಅಥವಾ ಕ್ಯೂಬಿಕ್ ಸರಿ.

ನೆಲದ ಅಲುಗಾಟಕ್ಕೆ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್‌ನ ಶೇಕ್‌ಮ್ಯಾಪ್. ಇಲ್ಲಿ ಒಂದು ಹೊಂಡ ಇದೆ. ಈಗಿನ ಆವೃತ್ತಿಯ ರಾಸ್ಟರ್ ಕಡತದಲ್ಲಿ ಗರಿಷ್ಠ ವೇಗೋತ್ಕರ್ಷ ನೈಸರ್ಗಿಕ ಲಾಗರಿತಮ್ ರೂಪದಲ್ಲಿದೆ, ಎಕ್ಸ್‌ಎಂಎಲ್ ಗ್ರಿಡ್ ಕಡತದಲ್ಲಿ ಜಿಯ ಶೇಕಡಾ ಲೆಕ್ಕದಲ್ಲಿದೆ. ಮೊದಲನೆಯದಕ್ಕೆ ಎಕ್ಸ್‌ಪೊನೆನ್ಷಿಯಲ್ ಹಾಕಬೇಕು, ಎರಡನೆಯದನ್ನು 100ರಿಂದ ಭಾಗಿಸಬೇಕು. ಪದರದಲ್ಲಿ ಋಣ ಸಂಖ್ಯೆಗಳು ಕಂಡರೆ ಲಾಗ್ ತೆಗೆದಿಲ್ಲ ಎಂದರ್ಥ. ಆಮೇಲೆ ಎಲ್ಲ ಪದರಗಳನ್ನೂ ಒಂದೇ ಮೂಲೆ, ಒಂದೇ ಚೌಕದ ಅಳತೆಗೆ ಹೊಂದಿಸಿಕೊಳ್ಳಬೇಕು. ಅರ್ಧ ಚೌಕ ಸರಿದರೂ ಬಂಡೆಯ ಏಣಿನ ಇಳಿಜಾರು ಪಕ್ಕದ ಬಯಲಿನ ಮಣ್ಣಿಗೆ ಕೂತುಬಿಡುತ್ತದೆ.

ಬಂಡೆ-ಮಣ್ಣಿನ ಗಟ್ಟಿತನವೇ ದುರ್ಬಲ ಕೊಂಡಿ. ಭೂವಿಜ್ಞಾನ ನಕ್ಷೆಯ ಪ್ರತಿ ಘಟಕಕ್ಕೂ ಅಂಟುಬಲ, ಘರ್ಷಣೆ ಕೋನ, ತೂಕ ಕೊಡಬೇಕು. ಸರಿಯಾಗಿದೆಯೇ ಎಂದು ನೋಡಲು ಒಂದು ಒಳ್ಳೆಯ ದಾರಿ: ಭೂಕಂಪವೇ ಇಲ್ಲದೆ, ಒಣ ಸ್ಥಿತಿಯಲ್ಲಿ ಸುರಕ್ಷತಾ ಗುಣಾಂಕ ಲೆಕ್ಕ ಹಾಕಿ. ಅದು 1ಕ್ಕಿಂತ ಕಡಿಮೆ ಬಂದ ಚೌಕಗಳು ಈಗಾಗಲೇ ಬಿದ್ದುಹೋಗಿರಬೇಕಿತ್ತು, ಆದರೆ ನಿಂತಿವೆ. ಅಂದರೆ ನಾವು ಕೊಟ್ಟ ಗಟ್ಟಿತನ ಕಡಿಮೆ. ಅಂಥವು ಬೆರಳೆಣಿಕೆಗೆ ಇಳಿಯುವವರೆಗೆ ಅಂಟುಬಲ ಏರಿಸುತ್ತಾ ಹೋಗಬೇಕು. ಕೋನ ಸೊನ್ನೆಯಾದ ಕಡೆ ಭಾಗಾಕಾರ ಒಡೆಯುವುದರಿಂದ 5 ಡಿಗ್ರಿಗಿಂತ ಕಡಿಮೆ ಇಳಿಜಾರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇವೆ.

ಒಂದು ಚೌಕವನ್ನು ಹತ್ತಿರದಿಂದ ನೋಡೋಣ. ಇಳಿಜಾರು 38 ಡಿಗ್ರಿ, ಅಂಟುಬಲ 20 ಕಿಲೋಪ್ಯಾಸ್ಕಲ್, ಘರ್ಷಣೆ ಕೋನ 35 ಡಿಗ್ರಿ, ತೂಕ ಘನ ಮೀಟರಿಗೆ 20 ಕಿಲೋನ್ಯೂಟನ್, ಜಾರುವ ಪದರದ ದಪ್ಪ 3 ಮೀಟರ್. ಒಣಗಿದ್ದಾಗ ಅಂಟುಬಲದಿಂದ 0.54, ಘರ್ಷಣೆಯಿಂದ 0.90, ಒಟ್ಟು ಸುರಕ್ಷತಾ ಗುಣಾಂಕ 1.44. ಜಾರುಮಿತಿ 0.27 ಜಿ. ಗರಿಷ್ಠ ಅಲುಗಾಟ 0.5 ಜಿ ಎಂದಿಟ್ಟು, ರಾಂಡಲ್ ಜಿಬ್ಸನ್ 2007ರಲ್ಲಿ ಕೊಟ್ಟ ಸಮೀಕರಣಕ್ಕೆ ಹಾಕಿದರೆ ಜಾರಿಕೆ ಸುಮಾರು 0.65 ಸೆಂ.ಮೀ. ಅಂಥ ಇಳಿಜಾರು ಬಹುತೇಕ ನಿಲ್ಲುತ್ತದೆ. ಈಗ ಆ ಪದರದ ಶೇ. 80ರಷ್ಟು ದಪ್ಪಕ್ಕೆ ನೀರು ತುಂಬಿಸಿ. ಸುರಕ್ಷತಾ ಗುಣಾಂಕ 1.09ಕ್ಕೆ ಕುಸಿಯುತ್ತದೆ, ಜಾರುಮಿತಿ 0.05 ಜಿ, ಜಾರಿಕೆ 32 ಸೆಂ.ಮೀ. ಭೂಕಂಪ ಅದೇ, ಗುಡ್ಡ ಅದೇ, ಬದಲಾದದ್ದು ನೀರೊಂದೇ. ಜಾರಿಕೆ ಐವತ್ತು ಪಟ್ಟು! ಗೋರ್ಖಾ ಭೂಕಂಪ ಮಳೆಗಾಲಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಆದದ್ದರಿಂದ ಈ ಆವೃತ್ತಿಯಲ್ಲಿ ನೀರಿನ ಅಂಶ ಸೊನ್ನೆ.

ಈ ಸೆಂಟಿಮೀಟರ್‌ಗಳನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಸಮೀಕರಣದ ಪ್ರಮಾಣಿತ ವಿಚಲನೆಯೇ ಮೇಲಕ್ಕೂ ಕೆಳಕ್ಕೂ ಮೂರು ಪಟ್ಟಿಗಿಂತ ಹೆಚ್ಚು. ಚೌಕಗಳನ್ನು ಅಪಾಯದ ಕ್ರಮದಲ್ಲಿ ಜೋಡಿಸಲು ಮಾತ್ರ ಇವು ಬೇಕು. 1994ರ ಜನವರಿ 17ರ ನಾರ್ತ್‌ರಿಜ್ ಭೂಕಂಪದ 11,000ಕ್ಕೂ ಹೆಚ್ಚು ಕುಸಿತಗಳ ಮೇಲೆ ಈ ವಿಧಾನವನ್ನು ಒರೆಗೆ ಹಚ್ಚಿದಾಗಲೂ, ಅತಿ ಹೆಚ್ಚು ಜಾರಿಕೆ ತೋರಿಸಿದ ಚೌಕಗಳಲ್ಲಿ ನಿಜಕ್ಕೂ ಕುಸಿದದ್ದು ಮೂರರಲ್ಲಿ ಒಂದರ ಆಸುಪಾಸು. ಅದಕ್ಕಿಂತ ಹೆಚ್ಚಿನ ನಿಖರತೆ ಸಿಕ್ಕಿತೆಂದರೆ ಖುಷಿಪಡುವ ಮೊದಲು ಲೆಕ್ಕವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಹೋಲಿಕೆ

ಕುಸಿತದ ಗಡಿರೇಖೆಯೊಳಗಿನ ಎಲ್ಲ ಚೌಕಗಳನ್ನೂ ‘ಕುಸಿದದ್ದು’ ಎಂದು ಎಣಿಸಿದರೆ ನಕ್ಷೆ ಕೆಲಸಕ್ಕೆ ಬಾರದ್ದೆಂದು ತೋರುತ್ತದೆ. ಯಾಕೆಂದರೆ ಗಡಿರೇಖೆಯ ಬಹುಭಾಗ ಮಣ್ಣು ಹರಿದುಹೋದ ದಾರಿ ಮತ್ತು ಕೆಳಗೆ ಬಿದ್ದ ರಾಶಿ. ಕಿತ್ತುಬಂದ ಜಾಗ ಮೇಲಿನ ತುದಿ ಮಾತ್ರ. ಪ್ರತಿ ಗಡಿರೇಖೆಗೂ ಝೋನಲ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಗರಿಷ್ಠ, ಕನಿಷ್ಠ ಎತ್ತರ ತೆಗೆದು, ಮೇಲಿನ ಕಾಲು ಭಾಗದ ಚೌಕಗಳನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಇನ್ನೊಂದು ಎಚ್ಚರ. ಹೆಚ್ಚು ಕುಸಿತಗಳಾದ ಕೋನ ಯಾವುದು ಎಂದು ಬರೀ ಎಣಿಸಿದರೆ, ಆ ಪ್ರದೇಶದಲ್ಲಿ ಹೆಚ್ಚಾಗಿರುವ ಕೋನವೇ ಗೆಲ್ಲುತ್ತದೆ. ಪ್ರತಿ ವರ್ಗದಲ್ಲೂ ಕುಸಿದ ಚೌಕಗಳನ್ನು ಆ ವರ್ಗದ ಒಟ್ಟು ಚೌಕಗಳಿಂದ ಭಾಗಿಸಬೇಕು. ಹಾಗೆ ಭಾಗಿಸಿದ ಮೇಲೆಯೇ ಕಡಿದಾದಷ್ಟೂ ಅಪಾಯ ಏರುವುದು ಕಾಣುತ್ತದೆ.

ನಕ್ಷೆಗೆ ಕಾಣದ ಜಾಗಗಳು

ಮೊದಲನೆಯದು ಏಣು. ಮಳೆಗೆ ಆಗುವ ಕುಸಿತಗಳು ನೀರು ಸೇರುವ ಹಳ್ಳ, ನದಿ ಕೊರೆದ ಬುಡದ ಕಡೆ ಹೆಚ್ಚು. ಭೂಕಂಪದ ಕುಸಿತಗಳು ಬೆಟ್ಟದ ಏಣಿನ ಹತ್ತಿರ ಗುಂಪುಗೂಡುತ್ತವೆ. ನಾರ್ತ್‌ರಿಜ್‌ನಲ್ಲೂ 1999ರ ತೈವಾನಿನ ಚಿ-ಚಿ ಭೂಕಂಪದಲ್ಲೂ ಇದು ಸ್ಪಷ್ಟವಾಗಿ ಕಂಡಿದೆ. ಅಲೆಯ ಉದ್ದ ಏಣಿನ ಅಗಲಕ್ಕೆ ಹತ್ತಿರವಾದಾಗ ಅಲುಗಾಟ ನೆತ್ತಿಯಲ್ಲಿ ಉಬ್ಬುತ್ತದೆ: ಸೆಕೆಂಡಿಗೆ 1,000 ಮೀಟರ್ ವೇಗದ ಅಲೆ, 500 ಮೀಟರ್ ಅಗಲದ ಏಣು ಎಂದರೆ 2 ಹರ್ಟ್ಸ್. 1971ರಲ್ಲಿ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಪಕೋಯ್ಮಾ ಅಣೆಕಟ್ಟಿನ ಪಕ್ಕದ ಏಣಿನ ಮೇಲಿದ್ದ ಉಪಕರಣ ಸುಮಾರು 1.25 ಜಿ ದಾಖಲಿಸಿತ್ತು. ಶೇಕ್‌ಮ್ಯಾಪ್‌ನ ಒರಟು ಜಾಲರಿಗೆ ಇದು ಸಿಕ್ಕುವುದಿಲ್ಲ. ಮೇಲಿನ ಒಣ ಚೌಕಕ್ಕೇ 0.5ರ ಬದಲು 0.75 ಜಿ ಕೊಟ್ಟರೆ ಜಾರಿಕೆ 2.5 ಸೆಂ.ಮೀ., ನಾಲ್ಕು ಪಟ್ಟು. ಜೊತೆಗೆ 30 ಮೀಟರ್ ದತ್ತಾಂಶ ಏಣಿನ ಅಂಚನ್ನೇ ಸವರಿ ಬಂಡೆಗೋಡೆಯನ್ನು ಸಾಧಾರಣ ಇಳಿಜಾರು ಮಾಡಿಬಿಡುತ್ತದೆ. ಎರಡು ತಪ್ಪೂ ಒಂದೇ ದಿಕ್ಕಿಗೆ.

ಎರಡನೆಯದು, ಸ್ತರಭಂಗದ (ಭೂಕಂಪದಲ್ಲಿ ಸರಿಯುವ ಬಂಡೆಯ ಬಿರುಕಿನ) ಯಾವ ಪಕ್ಕ ಎಂಬುದು. ಒತ್ತುವ ಸ್ತರಭಂಗಗಳಲ್ಲಿ ಮೇಲೇರುವ ತುಂಡಿನ ಮೇಲೆ ಕುಸಿತ ದಟ್ಟ, ಕೆಳಗಿನದರಲ್ಲಿ ವಿರಳ. 2008ರ ಮೇ 12ರ ವೆಂಚುವಾನ್ ಭೂಕಂಪದಲ್ಲಿ (7.9) ಈ ವ್ಯತ್ಯಾಸ ಎದ್ದುಕಾಣುತ್ತದೆ. ಅಲ್ಲಿನ ಡಾಗುವಾಂಗ್‌ಬಾವೊ ಕುಸಿತವೊಂದರಲ್ಲೇ ಸುಮಾರು 100 ಕೋಟಿ ಘನ ಮೀಟರ್ ಬಂಡೆ ಸರಿಯಿತು. ಪಕ್ಕಕ್ಕೆ ಸರಿಯುವ ಸ್ತರಭಂಗದಲ್ಲಿ ಚಿತ್ರವೇ ಬೇರೆ: 2002ರ ಡೆನಾಲಿ ಭೂಕಂಪದ ತೀವ್ರತೆಯೂ 7.9, ಆದರೆ ಕುಸಿತಗಳು ಸ್ತರಭಂಗದ ಗೆರೆಯ ಉದ್ದಕ್ಕೂ ಕಿರಿದಾದ ಪಟ್ಟಿಯಲ್ಲೇ ಉಳಿದವು.

ಮೂರನೆಯದು ನಿಜಕ್ಕೂ ಕಷ್ಟದ್ದು: ಮೇಲಿನಿಂದ ಕಾಣದ ಮೆದು ಪದರ. 2018ರ ಸೆಪ್ಟೆಂಬರ್ 6ರಂದು ಜಪಾನಿನ ಹೊಕ್ಕೈಡೊದಲ್ಲಿ 6.6 ತೀವ್ರತೆಗೇ ಅತ್ಸುಮಾ ಸುತ್ತಲಿನ ಸಾವಿರಾರು ಕಾಡುಗುಡ್ಡಗಳ ಮೈ ಸುಲಿದುಹೋಯಿತು. ಅವು ಅಷ್ಟೇನೂ ಎತ್ತರದವಲ್ಲ. ಸುಮಾರು 9,000 ವರ್ಷಗಳ ಹಿಂದೆ ತರುಮೇ ಜ್ವಾಲಾಮುಖಿ ಉಗುಳಿದ ಹಗುರ ನೊರೆಗಲ್ಲಿನ ಪದರ ಕೊಳೆತು, ನೀರು ಹಿಡಿಯುವ ಜೇಡಿಯಾಗಿ ಕೆಳಗೆ ಕೂತಿತ್ತು. ಎತ್ತರದ ದತ್ತಾಂಶ ನೋಡಿ ಇದನ್ನು ಊಹಿಸಲಾಗದು.

ಹೊರಗಿಟ್ಟ ಸಮತಟ್ಟು ನೆಲವೂ ನಿರಪಾಯವೇನಲ್ಲ. 2018ರ ಸೆಪ್ಟೆಂಬರ್ 28ರಂದು ಇಂಡೊನೇಷ್ಯಾದ ಪಾಲುವಿನಲ್ಲಿ, ಕೆಲವೇ ಡಿಗ್ರಿ ಓರೆಯಿದ್ದ ಪೆಟೊಬೊ, ಬಲರೋವಾ ಬಡಾವಣೆಗಳು ಮರಳು ದ್ರವದಂತಾಗಿ ನೂರಾರು ಮೀಟರ್ ಹರಿದವು. ಅದರ ಕಾರಣ ಬೇರೆ, ಲೆಕ್ಕವೂ ಬೇರೆ. ಹಿಮದ ಕಥೆಯೂ ಹಾಗೆಯೇ: ಗೋರ್ಖಾ ಭೂಕಂಪದಲ್ಲೇ ಲಾಂಗ್‌ಟಾಂಗ್ ಹಳ್ಳಿಯನ್ನು ಮುಚ್ಚಿದ್ದು ಹಿಮ-ಬಂಡೆ ಬೆರೆತ ಪ್ರವಾಹ, 1970ರ ಮೇ 31ರಂದು ಪೆರುವಿನಲ್ಲಿ ವಾಸ್ಕರಾನ್ ಶಿಖರದಿಂದ ಬಂದು ಯುಂಗಾಯ್ ಪಟ್ಟಣವನ್ನು ಹೂತದ್ದೂ ಅಂಥದ್ದೇ. ಇವುಗಳಲ್ಲಿ ಕಿತ್ತ ಜಾಗಕ್ಕೂ ಜನ ಸತ್ತ ಜಾಗಕ್ಕೂ ಕಿಲೋಮೀಟರ್‌ಗಟ್ಟಲೆ ಅಂತರ. ‘ಇಲ್ಲಿ ಜಾರುವುದಿಲ್ಲ’ ಎಂದು ನಕ್ಷೆ ಹೇಳಿದ ಕಣಿವೆಯ ತಳವನ್ನು ಯಾರೂ ಸುರಕ್ಷಿತ ಎಂದು ಓದಬಾರದು. ಈ ಮಾತು ನಕ್ಷೆಯ ಮೇಲೆಯೇ ದಪ್ಪಕ್ಷರದಲ್ಲಿ ಇರುತ್ತದೆ.

ಮೂರನೇ ಆವೃತ್ತಿಗೆ

ಏಣಿನ ಪದರ ಅರ್ಧ ಆಗಿದೆ. ಕ್ಯುಜಿಐಎಸ್‌ನ ಭೂರೂಪ ಸ್ಥಾನ ಸೂಚ್ಯಂಕ ಅಕ್ಕಪಕ್ಕದ ಚೌಕಗಳನ್ನಷ್ಟೇ ನೋಡುವುದರಿಂದ ಏಣಿನ ಬದಲು ಸಣ್ಣಪುಟ್ಟ ಉಬ್ಬುಗಳನ್ನು ಹೆಕ್ಕುತ್ತದೆ. ಅದರ ಬದಲು 300 ಮತ್ತು 1,000 ಮೀಟರ್ ವ್ಯಾಪ್ತಿಯ ಸರಾಸರಿ ಎತ್ತರವನ್ನು ಚೌಕದ ಎತ್ತರದಿಂದ ಕಳೆದು ಎರಡು ಪದರ ಮಾಡಲಾಗುತ್ತಿದೆ. ಎರಡರಲ್ಲೂ ಧನವಾಗಿರುವ ಚೌಕಗಳಿಗೆ ಅಲುಗಾಟವನ್ನು 1.2, 1.5 ಪಟ್ಟು ಏರಿಸಿ ಬೇರೆಬೇರೆಯಾಗಿ ಓಡಿಸಬೇಕು.

ಆಮೇಲೆ ನೀರಿನ ಅಂಶವನ್ನು 0, 0.4, 0.8 ಎಂದಿಟ್ಟು ಮೂರು ನಕ್ಷೆ. ಬಿರುಕುಬಿಟ್ಟು ಬೀಳದೆ ನಿಂತ ಇಳಿಜಾರುಗಳು ಮುಂದಿನ ಮಳೆಗಾಲಕ್ಕೆ ಇಳಿಯುತ್ತವೆ. 2015ರ ಮಳೆಗಾಲದಲ್ಲಿ ನೇಪಾಳದ ಅದೇ ಜಿಲ್ಲೆಗಳಲ್ಲಿ ಕುಸಿತ ಹೆಚ್ಚಿತ್ತು. ಆ ಓಟದಲ್ಲಿ, 1 ಸೆಂ.ಮೀ.ಗಿಂತ ಹೆಚ್ಚು ಜಾರಿಯೂ ಕುಸಿತದ ಗಡಿರೇಖೆಯೊಳಗೆ ಬಾರದ ಚೌಕಗಳ ಅಂಟುಬಲವನ್ನು ಅರ್ಧಕ್ಕಿಳಿಸಿ, ಅಲುಗಾಟ ತೆಗೆದು, ನೀರೊಂದನ್ನೇ ಉಳಿಸಿ ಸುರಕ್ಷತಾ ಗುಣಾಂಕ ಎಲ್ಲೆಲ್ಲಿ 1ಕ್ಕಿಂತ ಕೆಳಗಿಳಿಯುತ್ತದೆ ಎಂದು ನೋಡುವುದು ಮುಂದಿನ ಕೆಲಸ.