ವಿಮಾನದೊಳಗಿನ ಥ್ರಿಲ್ಲರ್ ಚಿತ್ರಕಥೆ: ಮಧ್ಯಂತರದವರೆಗಿನ ಕರಡು ಮುಗಿದಿದೆ

ರಾತ್ರಿ ಹಾರಾಟವೊಂದನ್ನು ಕುರಿತು ಬರೆಯುತ್ತಿರುವ ಥ್ರಿಲ್ಲರ್ ಚಿತ್ರಕಥೆಯ ಕರಡು ಮಧ್ಯಂತರದವರೆಗೆ ಬಂದು ನಿಂತಿದೆ. ಇಡೀ ಕಥೆ ನಡೆಯುವುದು ಒಂದೇ ನಡುದಾರಿ, ಎರಡೂ ಬದಿಗೆ ಮೂರು ಮೂರು ಆಸನಗಳಿರುವ ವಿಮಾನದೊಳಗೆ. ನೆಲದ ಮೇಲಿನ ದೃಶ್ಯ ಒಂದೂ ಇಲ್ಲ. ಹಾರಾಟದ ನಡುವೆ ಯಾರೋ ಬಾಗಿಲು ತೆರೆಯಲು ಹೊರಡುವ ಸನ್ನಿವೇಶ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. 35,000 ಅಡಿ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡವೇ ಆ ಬಾಗಿಲನ್ನು ಹಲವು ಟನ್ ಬಲದಿಂದ ಚೌಕಟ್ಟಿಗೆ ಅದುಮಿ ಹಿಡಿದಿರುವಾಗ, ಎಂಥ ಬಲಶಾಲಿಗೂ ಅದು ಜಗ್ಗುವುದಿಲ್ಲ. ನನ್ನ ಕಥೆಯ ಆತಂಕವೆಲ್ಲ ಕಾಕ್‌ಪಿಟ್ ಬಾಗಿಲಿನ ಸುತ್ತ ನಿಂತಿದೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಈ ಬಾಗಿಲುಗಳನ್ನು ಗುಂಡೇಟು ತಡೆಯುವಷ್ಟು ಬಲಪಡಿಸಲಾಯಿತು. ಒಳಗಿರುವವರು ಪ್ರಜ್ಞೆ ತಪ್ಪಿದ್ದರೆ ನೆರವಾಗಲೆಂದು ಹೊರಗಿನ ಕೀಪ್ಯಾಡಿನಲ್ಲಿ ತುರ್ತು ಸಂಖ್ಯೆ ಒತ್ತುವ ಏರ್ಪಾಡು ಇದೆ. ಒತ್ತಿದ ಮೇಲೆ ಒಳಗೆ ಎಚ್ಚರಿಕೆಯ ಸದ್ದು ಮೊಳಗುತ್ತದೆ, ನಿಗದಿತ ಅವಧಿಯೊಳಗೆ ಯಾರೂ ತಡೆಯದಿದ್ದರೆ ಚಿಲಕ ಕೆಲವೇ ಸೆಕೆಂಡು ಸಡಿಲವಾಗುತ್ತದೆ. ಒಳಗಿನವರು ತಡೆದರೆ ಕೀಪ್ಯಾಡ್ ಹಲವು ನಿಮಿಷ ನಿಷ್ಕ್ರಿಯವಾಗುತ್ತದೆ.

ಮಧ್ಯಂತರದ ದೃಶ್ಯವನ್ನು ಕಟ್ಟಿರುವುದು ಇದರ ಮೇಲೆಯೇ. ಶೌಚಾಲಯಕ್ಕೆಂದು ಕ್ಯಾಪ್ಟನ್ ಹೊರಬಂದಿದ್ದಾರೆ. ಊಟದ ಟ್ರಾಲಿಯನ್ನು ಅಡ್ಡ ನಿಲ್ಲಿಸಿ ಹಿರಿಯ ಗಗನಸಖಿ ನಡುದಾರಿಯನ್ನು ಕಾಯುತ್ತಿದ್ದಾರೆ. ಕ್ಯಾಪ್ಟನ್ ಮರಳುವಾಗ ಇಂಟರ್‌ಫೋನಿಗೆ ಸಹಪೈಲಟ್ ಉತ್ತರಿಸುವುದಿಲ್ಲ. ಏನೋ ಅನಾರೋಗ್ಯವಾಗಿರಬೇಕೆಂದು ಇಬ್ಬರೂ ನಂಬಿ ತುರ್ತು ಸಂಖ್ಯೆ ಒತ್ತುತ್ತಾರೆ, ಉಸಿರು ಬಿಗಿಹಿಡಿದು ಕಾಯುತ್ತಾರೆ, ಆಗ ಕೀಪ್ಯಾಡಿನ ಮೇಲೆ ಕೆಂಪು ದೀಪ ಹತ್ತುತ್ತದೆ. ಒಳಗಿರುವವನಿಗೆ ಪ್ರಜ್ಞೆ ಇದೆ, ಬೇಕೆಂದೇ ತಡೆದಿದ್ದಾನೆ ಎಂಬುದನ್ನು ಒಂದು ಮಾತೂ ಇಲ್ಲದೆ ಆ ದೀಪ ಹೇಳುತ್ತದೆ. ಈ ದೃಶ್ಯದಿಂದ ಸಂಭಾಷಣೆಯನ್ನು ಪೂರ್ತಿಯಾಗಿ ತೆಗೆದುಹಾಕಿದ್ದೇನೆ, ಮತ್ತು ಕರಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇದೇ.

2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್‌ನೇ ಉದ್ದೇಶಪೂರ್ವಕವಾಗಿ ಬೀಳಿಸಿ 150 ಮಂದಿ ಸತ್ತದ್ದು ಹೀಗೆ ಮುಚ್ಚಿದ ಬಾಗಿಲಿನ ಹಿಂದೆಯೇ. ಆ ದುಃಖವನ್ನು ರೋಚಕತೆಗಾಗಿ ಎರವಲು ಪಡೆಯುವುದು ನನಗೆ ಸರಿಯೆನಿಸುವುದಿಲ್ಲ. ಆದ್ದರಿಂದ ನನ್ನ ಸಹಪೈಲಟ್ ವಿಮಾನವನ್ನು ಕಾಪಾಡುತ್ತಿದ್ದಾನೆ: ಕ್ಯಾಪ್ಟನ್‌ಗೆ ಯಾರೋ ಬೆದರಿಕೆ ಒಡ್ಡಿ ಬಾಗಿಲು ತೆರೆಸುತ್ತಿದ್ದಾರೆಂಬ ಸಂದೇಶ ಅವನಿಗೆ ನೆಲದಿಂದ ಬಂದಿದೆ, ಮತ್ತು ಬೆದರಿಕೆ ಇರುವಾಗ ಬಾಗಿಲು ತೆರೆಯದಿರುವುದೇ ಅವನು ಕಲಿತ ಪಾಠ. ಹೊರಗಿರುವ ಕ್ಯಾಪ್ಟನ್ ತಾನು ಸ್ವತಂತ್ರನೆಂದು ಎಷ್ಟು ಕೂಗಿ ಹೇಳಿದರೂ, ಬೆದರಿಕೆಗೆ ಸಿಕ್ಕವನೂ ಅದನ್ನೇ ಹೇಳುತ್ತಾನಲ್ಲವೇ? ಇಬ್ಬರೂ ಪ್ರಾಮಾಣಿಕರಾಗಿದ್ದು, ನಡುವೆ ಒಂದು ಬಾಗಿಲು ಇರುವ ಈ ಬಿಕ್ಕಟ್ಟು ಖಳನಾಯಕನಿಗಿಂತ ಗಟ್ಟಿಯಾದುದೆಂದು ನನಗೆ ಮನವರಿಕೆಯಾಗಿದೆ.

ಉತ್ತರಾರ್ಧದ ಟಿಪ್ಪಣಿಗಳು ಸಿದ್ಧವಾಗಿವೆ. ವಿಮಾನದ ಗುರುತನ್ನು ನೆಲದ ರೇಡಾರಿಗೆ ತಿಳಿಸುವ ಸಾಧನವಾದ ಟ್ರಾನ್ಸ್‌ಪಾಂಡರಿನಲ್ಲಿ ಸಹಪೈಲಟ್ ಅಪಹರಣದ ಸಂಕೇತವಾದ 7500 ಹಾಕುತ್ತಾನೆ. ಅಲ್ಲಿಂದ ಮುಂದೆ ನೆಲದವರ ಪಾಲಿಗೆ ಆ ವಿಮಾನ ಅಪಹರಣಕ್ಕೊಳಗಾದ ವಿಮಾನವೇ. ಆಮ್ಲಜನಕದ ಮುಖವಾಡಗಳು ಉದುರುವ ದೃಶ್ಯವನ್ನು ಸೇರಿಸಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ರಯಾಣಿಕರ ಮುಖವಾಡಕ್ಕೆ ಸಾಮಾನ್ಯವಾಗಿ ಆಮ್ಲಜನಕ ಸಿಗುವುದು ಹನ್ನೆರಡು ನಿಮಿಷದ ಆಸುಪಾಸು ಮಾತ್ರ, ವಿಮಾನ 10,000 ಅಡಿಗೆ ಇಳಿಯಲು ಸಾಕಾಗುವಷ್ಟು. ಆ ಅವಧಿಯನ್ನು ತೆರೆಯ ಮೇಲೆ ನಿಜಕಾಲದಲ್ಲೇ ತೋರಿಸುವ ಆಸೆಯಿದೆ, ಆದರೆ ಕಥೆಯ ತಿರುಳು ಬಾಗಿಲಿನಿಂದ ಸರಿಯುವುದಾದರೆ ಅದನ್ನು ಕೈಬಿಡುತ್ತೇನೆ. ಅದಕ್ಕೂ ಮೊದಲು, ಆ ಸುಳ್ಳು ಸಂದೇಶ ನೆಲದವರನ್ನು ತಲುಪಿದ್ದು ಯಾವ ಆಸನದಿಂದ ಎಂಬ ಸುಳಿವನ್ನು ಮೊದಲ ಇಪ್ಪತ್ತು ಪುಟಗಳೊಳಗೆ ಅಡಗಿಸಿಡುವ ಕೆಲಸ ಬಾಕಿ ಇದೆ.